ತೂಕ ಕೇಳುವ ಮೊದಲು ಮಾಸು ಕೇಳಿ

ಅವಳಿ ಹುಟ್ಟಿದ ಮನೆಯಲ್ಲಿ ಮೊದಲ ಪ್ರಶ್ನೆ ‘ಗಂಡೋ ಹೆಣ್ಣೋ’, ಎರಡನೆಯದು ‘ತೂಕ ಎಷ್ಟು’. 2.3, 2.2 ಕಿಲೋ ಎಂದರೆ ಸಾಕು, ಮೂರನೆಯದು ಪ್ರಶ್ನೆಯಲ್ಲ, ತೀರ್ಪು: ‘ಬಸುರಿದ್ದಾಗ ಸರಿಯಾಗಿ ಉಣ್ಣಲಿಲ್ಲ.’ ಈ ತೀರ್ಪು ತಪ್ಪು. ಕೇಳಲೇಬೇಕಾದ ಪ್ರಶ್ನೆಯನ್ನು ಮರೆಸುವುದರಿಂದ ಅಪಾಯಕಾರಿ ಕೂಡ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2,500 ಗ್ರಾಂಗಿಂತ ಕೆಳಗಿದ್ದರೆ ಅದು ಕಡಿಮೆ ತೂಕದ ಮಗು. ಒಂಟಿಗೂ ಅವಳಿಗೂ ಗೆರೆ ಒಂದೇ. ಆದರೆ ಅವಳಿಗಳಲ್ಲಿ ಅರ್ಧಕ್ಕೂ ಹೆಚ್ಚು ಈ ಗೆರೆಯ ಕೆಳಗೇ ಹುಟ್ಟುತ್ತವೆ. ಸುಮಾರು 28ರಿಂದ 32ನೇ ವಾರದವರೆಗೆ ಒಂಟಿ ಮಗುವಿನ ಹಾಗೆಯೇ ಬೆಳೆದು, ಆಮೇಲೆ ನಿಧಾನವಾಗುತ್ತವೆ. 37 ವಾರ ತುಂಬುವ ಮೊದಲೇ ಹುಟ್ಟುವುದೂ ಹೆಚ್ಚು. ಬಸುರಿಯ ಊಟ, ರಕ್ತಹೀನತೆ ಲೆಕ್ಕಕ್ಕಿಲ್ಲವೆಂದಲ್ಲ. ಆದರೆ ಇಮ್ಮಡಿ ಉಂಡರೂ ಒಂದು ಗರ್ಭಕೋಶ ಎರಡಾಗುವುದಿಲ್ಲ.

ನಿಜವಾದ ಪ್ರಶ್ನೆ ಬೇರೆ. ಮಕ್ಕಳಿಗೆ ಬೇರೆ ಬೇರೆ ಮಾಸು ಇದೆಯೋ, ಒಂದನ್ನೇ ಹಂಚಿಕೊಂಡಿವೆಯೋ? ವರದಿಯ ಭಾಷೆಯಲ್ಲಿ ಡೈಕೋರಿಯಾನಿಕ್ಕೋ, ಮಾನೋಕೋರಿಯಾನಿಕ್ಕೋ? ಹಂಚಿಕೊಂಡ ಮಾಸಿನಲ್ಲಿ ರಕ್ತನಾಳಗಳು ಕೂಡಿಕೊಂಡಿರುತ್ತವೆ. ಅಂಥ ನೂರು ಬಸುರಿಗಳಲ್ಲಿ 10ರಿಂದ 15ರಲ್ಲಿ ಒಂದು ಮಗುವಿನ ರಕ್ತ ಇನ್ನೊಂದರ ಕಡೆಗೆ ಹೆಚ್ಚಾಗಿ ಹರಿಯುತ್ತದೆ. ಕೊಡುವ ಮಗು ಸೊರಗುತ್ತದೆ, ಪಡೆಯುವ ಮಗುವಿನ ಹೃದಯ ದಣಿಯುತ್ತದೆ. ಸಮಯಕ್ಕೆ ಗೊತ್ತಾದರೆ ಲೇಸರ್ ಚಿಕಿತ್ಸೆ ಉಂಟು. ಅದಕ್ಕೇ ಇಂಥವರಿಗೆ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಬೇಕು. ಮಾಸು ಬೇರೆ ಬೇರೆಯಿದ್ದು ತೊಡಕಿಲ್ಲದಿದ್ದರೆ ನಾಲ್ಕು ವಾರಕ್ಕೊಮ್ಮೆ ಸಾಕು.

ಎರಡೂ ಬಗೆಯಲ್ಲಿ ಮಕ್ಕಳ ನಡುವಿನ ಅಂತರವನ್ನೂ ನೋಡಬೇಕು. ಒಂದು 2,000 ಗ್ರಾಂ, ಇನ್ನೊಂದು 1,500 ಎಂದರೆ ಶೇ. 25ರ ವ್ಯತ್ಯಾಸ, ಅದು ಚಿಂತಿಸಬೇಕಾದ ಜೋಡಿ. 37 ವಾರ ತುಂಬಿ ಬಂದ 2.3, 2.2 ಕಿಲೋದ ಜೋಡಿ ಅಲ್ಲ.

ಮಾಸಿನ ಸಂಗತಿ ಸ್ಪಷ್ಟವಾಗಿ ತಿಳಿಯುವುದು 11ರಿಂದ 14ನೇ ವಾರದ ಸ್ಕ್ಯಾನಿನಲ್ಲಿ. ತಡವಾದಷ್ಟೂ ಕಷ್ಟ. ಹೊರರಾಜ್ಯದ ಕನ್ನಡದ ಮನೆಗಳಿಗೆ ಇದು ಇನ್ನೂ ಹತ್ತಿರದ ಮಾತು. ಮೊದಲ ಸ್ಕ್ಯಾನ್ ಪುಣೆಯಲ್ಲಿ, ಸೀಮಂತ ಮುಗಿಸಿ ಹೆರಿಗೆಗೆ ಧಾರವಾಡದ ತವರು. ಸೀರೆ, ಬಳೆ ಬ್ಯಾಗಿಗೆ ಸೇರುತ್ತವೆ. ಆ ಒಂದು ಹಾಳೆ ಪುಣೆಯ ಕಪಾಟಿನಲ್ಲೇ ಉಳಿಯುತ್ತದೆ. ‘ಅವಳಿ’ ಎಂದಷ್ಟೇ ಬರೆದು ಕೈತೊಳೆದುಕೊಂಡ ವರದಿಗಳೂ ಉಂಟು.

ಗಂಡ, ಅತ್ತೆ, ಅಮ್ಮ, ಯಾರೇ ಜೊತೆಗೆ ಹೋಗಲಿ, ವೈದ್ಯರನ್ನು ಕೇಳಬೇಕಾದದ್ದು ಇಷ್ಟು: ‘ಮಾಸು ಹಂಚಿಕೊಂಡಿವೆಯೇ? ಬರೆದುಕೊಡಿ.’ ಅದನ್ನು ಕೇಳದವರಿಗೆ ಆಮೇಲೆ ಬಾಣಂತಿಯ ತಟ್ಟೆಯ ಲೆಕ್ಕ ಕೇಳುವ ಹಕ್ಕಿಲ್ಲ.