ಗಜನಿಯ ಕಟ್ಟೆಯೂ ಚಳಿಗಾಲದ ಹಕ್ಕಿಗಳೂ

ಚಳಿಗಾಲವು ತಲೆದೋರುತ್ತಲೇ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಗೆ ಉತ್ತರದೇಶಗಳಿಂದ ಉಲ್ಲಂಕಿ ಮೊದಲಾದ ಹಕ್ಕಿಗಳು ಬಂದಿಳಿಯುವುವು. ತೆನೆಗಳ್ಳರೆಂದು ಇವನ್ನು ಅಟ್ಟುವುದು ಸಲ್ಲದು. ಕಗ್ಗ ಭತ್ತದ ಕೊಯ್ಲು ಮುಗಿದು ಗಜನಿ ಗದ್ದೆಗೆ ಉಪ್ಪುನೀರು ಬಿಟ್ಟ ಬಳಿಕ, ಅಲ್ಲಿನ ಕೆಸರಿನ ಹುಳುಗಳನ್ನೂ ಸಣ್ಣ ಚಿಪ್ಪುಜೀವಿಗಳನ್ನೂ ಇವು ಹೆಕ್ಕಿ ತಿನ್ನುವುವು.

ಹಾನಿಯ ಮೂಲವು ಬೇರೆಡೆ ಇರುವುದು. ಕಟ್ಟೆಯೊಡೆದು ಬೀಳುಬಿದ್ದ ಗಜನಿಯಲ್ಲಿ ಕಗ್ಗ ಬೆಳೆಯದು. ಸದಾ ಆಳವಾಗಿ ನೀರು ನಿಲ್ಲಿಸಿದ ಸಿಗಡಿಯ ಹೊಂಡದಲ್ಲಿ ಈ ಹಕ್ಕಿಗಳಿಗೆ ಕಾಲೂರಲು ಎಡೆಯಿಲ್ಲ. 2024ರಲ್ಲಿ ಈ ಅಳಿವೆಯು ಮಹತ್ವದ ಜೌಗುಭೂಮಿಗಳ ರಾಮ್‌ಸಾರ್ ಪಟ್ಟಿಗೆ ಸೇರಿತು. ಸಂತೋಷವೇ, ಆದರೆ ಪಟ್ಟಿಯು ಕಟ್ಟೆಗೆ ಮಣ್ಣು ಹಾಕದು! ಒಬ್ಬನು ತನ್ನ ಪಾಲಿನ ಕಟ್ಟೆಯನ್ನು ಉಪೇಕ್ಷಿಸಿದರೆ ನೆರೆಯವನ ಗದ್ದೆಗೂ ಅಕಾಲದಲ್ಲಿ ಉಪ್ಪು ನುಗ್ಗುವುದು. ಆದಕಾರಣ ಊರ ಮುಖಂಡರು ಮಳೆಗಾಲಕ್ಕೆ ಮೊದಲೇ ಭೂಮಾಲಿಕರನ್ನು ಸೇರಿಸಿ, ದುರಸ್ತಿಯ ವಂತಿಗೆಯನ್ನೂ ಆಳಿನ ಲೆಕ್ಕವನ್ನೂ ನಿಶ್ಚಯಿಸತಕ್ಕದ್ದು.