ಉಚಿತ ಕರೆಂಟಿನ ಹಣ ಮಾಳಿಗೆ ಏರಲಿ



‘ಬಿಲ್ಲೇ ಸೊನ್ನೆ ಬರ್ತದ, ಸೋಲಾರ್ ಯಾಕ್ರೀ ಹಾಕಿಸ್ಬೇಕು?’ ಮನೆಯ ಮೇಲೆ ಸೌರ ಫಲಕ ಹಾಕಿಸಿಕೊಳ್ಳಿ ಎಂದಾಗಲೆಲ್ಲ ನನಗೆ ಸಿಗುವ ಉತ್ತರವಿದು. ಸರಕಾರಿ ಇಂಜಿನಿಯರ್ ಆಗಿ ಎಸ್ಟಿಮೇಟ್ ಬರೆಯುತ್ತಲೇ ನಿವೃತ್ತನಾದ ನನಗೆ ಈ ಲೆಕ್ಕವನ್ನು ತಳ್ಳಿಹಾಕಲು ಬರುವುದಿಲ್ಲ. ಅವರು ಹೇಳುವುದು ಸರಿಯಾಗಿಯೇ ಇದೆ.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ ಕೇಂದ್ರ ಸರಕಾರ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು ಗರಿಷ್ಠ 78,000 ರೂಪಾಯಿ ಸಹಾಯಧನ ಕೊಡುತ್ತದೆ. ದೇಶದ ಒಂದು ಕೋಟಿ ಮನೆಗಳನ್ನು ತಲುಪುವುದು ಗುರಿ. ನಮ್ಮ ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಇದೆ. 2022–23ರ ಸರಾಸರಿ ಬಳಕೆಗೆ ಒಂದಿಷ್ಟು ಹೆಚ್ಚುವರಿ ಸೇರಿಸಿ, 200 ಯೂನಿಟ್ ಮಿತಿಯೊಳಗೆ ಉಚಿತ. ಎರಡೂ ಒಳ್ಳೆಯ ಉದ್ದೇಶದವೇ. ಆದರೆ ಒಂದನ್ನೊಂದು ಮಾತನಾಡಿಸುವುದಿಲ್ಲ. ಬಿಲ್ಲು ಕಟ್ಟದ ಮನೆಗೆ ಸೋಲಾರ್‌ನಿಂದ ಉಳಿತಾಯವಿಲ್ಲ. ಎಸಿ, ಗೀಸರ್ ಇಟ್ಟುಕೊಂಡು ತಿಂಗಳಿಗೆ ಎರಡು ಸಾವಿರದ ಮೇಲೆ ಬಿಲ್ಲು ಕಟ್ಟುವವರಿಗೆ, ಕೈಯಲ್ಲಿ ಒಂದು ಲಕ್ಷ ಇರುವವರಿಗೆ ಮಾತ್ರ ಇದು ಲಾಭ. ಹೀಗಾಗಿ ಕೇಂದ್ರದ ಸಹಾಯಧನ ಉಳ್ಳವರ ಮಾಳಿಗೆ ಏರುತ್ತದೆ, ರಾಜ್ಯದ ಹಣ ಪ್ರತಿ ತಿಂಗಳು ಸುಟ್ಟುಹೋಗುತ್ತದೆ. ನಾವು ಉರಿಸಿದ ಉಚಿತ ಯೂನಿಟ್ಟಿನ ದುಡ್ಡನ್ನು ರಾಜ್ಯ ಸರಕಾರ ವಿದ್ಯುತ್ ಕಂಪನಿಗಳಿಗೆ ತುಂಬಿಕೊಡಲೇಬೇಕಲ್ಲ.

ನಮ್ಮ ಬಯಲುಸೀಮೆಯಲ್ಲಿ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸುಮಾರು 4 ಯೂನಿಟ್, ತಿಂಗಳಿಗೆ 120 ಯೂನಿಟ್ ಕೊಡುತ್ತದೆ. ನೂರು ಚದರ ಅಡಿ ಜಾಗ ಸಾಕು. ಖರ್ಚು ಅರವತ್ತು ಸಾವಿರ ಎಂದಿಟ್ಟುಕೊಳ್ಳಿ. ಅರ್ಧ ಕೇಂದ್ರದ್ದು. ಉಳಿದ ಮೂವತ್ತು ಸಾವಿರವನ್ನು ರಾಜ್ಯವೇ ಹಾಕಲಿ ಎನ್ನುವುದು ನನ್ನ ವಾದ. ತಿಂಗಳಿಗೆ ನೂರು ಯೂನಿಟ್ ಬಳಸುವ ಮನೆಗೆ ಯೂನಿಟ್ಟಿಗೆ ಆರು ರೂಪಾಯಿಯಂತೆ ಹಿಡಿದರೂ ಸರಕಾರ ವರ್ಷಕ್ಕೆ 7,200 ರೂಪಾಯಿ ತುಂಬುತ್ತಿದೆ. ನಾಲ್ಕು ವರ್ಷ ಚಿಲ್ಲರೆಯಲ್ಲಿ ಹಾಕಿದ ಹಣ ವಾಪಸ್. ಫಲಕ ಬಾಳುವುದು 25 ವರ್ಷ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸುವ ಖರ್ಚು ಸೇರಿಸಿದರೂ ಲೆಕ್ಕ ಕೆಡುವುದಿಲ್ಲ. ಆ ಮನೆಯವರಿಗೆ ಈಗಿನಂತೆಯೇ ಸೊನ್ನೆ ಬಿಲ್ಲು ಬರಲಿ, ಅವರಿಂದ ಒಂದು ಪೈಸೆ ಕೇಳುವುದು ಬೇಡ.

ಬಡವರು ಅರ್ಜಿ, ಬ್ಯಾಂಕು, ಏಜೆಂಟ್ ಎಂದು ಅಲೆಯಬೇಕಾಗಿಯೂ ಇಲ್ಲ. ವಿದ್ಯುತ್ ಕಂಪನಿಯೇ ಮುಂದೆ ನಿಂತು ಮನೆಗಳ ಮೇಲೆ ಫಲಕ ಹಾಕಿಸುವ ಮಾದರಿಗೆ ಕೇಂದ್ರದ ಮಾರ್ಗಸೂಚಿಯಲ್ಲೇ ಅವಕಾಶವಿದೆ. ಕಂಪನಿಗಳಿಗೆ ಇದು ರುಚಿಸಲಿಕ್ಕಿಲ್ಲ, ಸರಕಾರದಿಂದ ಬರುವ ಹಣ ಕಡಿಮೆಯಾಗುತ್ತದಲ್ಲ! ಆದರೆ ಹಗಲು ಹೊತ್ತು ಮನೆಯ ಮೇಲೆ ಹುಟ್ಟಿದ ಕರೆಂಟು ಪಕ್ಕದ ಮನೆಗೆ, ಊರ ಹಿಟ್ಟಿನ ಗಿರಣಿಗೆ ಹೋಗುತ್ತದೆ. ದೂರದಿಂದ ತರುವಾಗ ತಂತಿಯಲ್ಲಿ ಸೋರಿಹೋಗುವುದು ಉಳಿಯುತ್ತದೆ. ಪಾವಗಡದ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಭೂಮಿ ಬೇಕಾಯಿತು. ಮಾಳಿಗೆಗೆ ಒಂದು ಗುಂಟೆಯೂ ಬೇಡ.

ತೊಡಕುಗಳಿವೆ. ಮೇಲ್ಮುದ್ದೆ ಮನೆ, ಹಳೆಯ ತಗಡಿನ ಮನೆ ಭಾರ ತಡೆಯಲಾರವು. ಬಾಡಿಗೆಯವರಿಗೆ ಸ್ವಂತ ಮಾಳಿಗೆ ಇಲ್ಲ. ಇಂಥವರಿಗೆ ಗೃಹಜ್ಯೋತಿ ಹಾಗೆಯೇ ಮುಂದುವರಿಯಬೇಕು. ಆರ್‌ಸಿಸಿ ಮನೆಗಳಿಂದ ಶುರುಮಾಡಿದರಾಯಿತು. ಇನ್ನೊಂದು ಮಾತು, ಇದನ್ನು ಮಾರುವವರು ಬಾಯಿಬಿಟ್ಟು ಹೇಳುವುದಿಲ್ಲ: ಬ್ಯಾಟರಿ ಇಲ್ಲದ ಈ ವ್ಯವಸ್ಥೆ ಲೈನಿನಲ್ಲಿ ಕರೆಂಟು ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಸಲೆಂದೇ ಹಾಗೆ ಮಾಡಿದ್ದಾರೆ. ಇದನ್ನು ಮೊದಲೇ ತಿಳಿಸದಿದ್ದರೆ ಜನ ಮೋಸವಾಯಿತೆಂದು ಬೈಯುತ್ತಾರೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಧೂಳು ತೊಳೆಯುವ ಕೆಲಸವೂ ಇರುತ್ತದೆ.

ರಾಜ್ಯ ಸರಕಾರ ಮುಂದಿನ ಬಜೆಟ್ಟಿನಲ್ಲಿ ಪ್ರತಿ ಜಿಲ್ಲೆಗೆ ಒಂದು ಹಳ್ಳಿಯನ್ನಾದರೂ ಆರಿಸಿಕೊಂಡು, ಗೃಹಜ್ಯೋತಿಯ ನಾಲ್ಕು ವರ್ಷದ ಹಣವನ್ನು ಮುಂಗಡವಾಗಿ ಅಲ್ಲಿನ ಮಾಳಿಗೆಗಳ ಮೇಲೆ ಹಾಕಿ ನೋಡಲಿ. ಐದನೆಯ ವರ್ಷ ಆ ಹಳ್ಳಿಯ ಮೀಟರುಗಳ ಲೆಕ್ಕವನ್ನು ಸದನದ ಮುಂದಿಡಲಿ.