ಸಂಕಪ್ಪಯ್ಯನ ಮರುಕ

ಪೂರ್ವಗ್ರಹವೆಂದರೆ ಮನುಷ್ಯನನ್ನು ಅರಿಯುವ ಮೊದಲೇ ಅವನ ಹುಟ್ಟನ್ನು ನೋಡಿ ಕಟ್ಟಿಕೊಂಡ ತೀರ್ಮಾನ. ಅದು ಕಾದಂಬರಿಯ ಓದಿನಿಂದ ಕರಗುತ್ತದೆಯೇ ಎಂದು ಕನ್ನಡದಲ್ಲಿ ವಿಚಾರ ಮಾಡುವವರು ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ಕಥೆ ದಕ್ಷಿಣ ಕನ್ನಡದ್ದಾದರೂ ತುಮಕೂರು ಸೀಮೆಗೆ ಅದು ಹೊರಗಿನದಲ್ಲ. 1975ರಲ್ಲಿ ಅದನ್ನು ತೆರೆಗೆ ತಂದು ಸ್ವರ್ಣಕಮಲ ಗಳಿಸಿದ ಬಿ.ವಿ. ಕಾರಂತರು ಬಾಲ್ಯದಲ್ಲಿ ಮನೆ ಬಿಟ್ಟು ಬಂದು ಸೇರಿದ್ದು ಈ ಸೀಮೆಯದೇ ಆದ ಗುಬ್ಬಿ ನಾಟಕ ಕಂಪನಿಯನ್ನು. ಅವರನ್ನು ಮುಂದೆ ಓದಲು ಕಾಶಿಗೆ ಕಳುಹಿಸಿದವರೂ ಗುಬ್ಬಿ ವೀರಣ್ಣನವರೇ.

ಚೋಮ ಮೂಲದಾಳು, ಅಂದರೆ ತಲೆಮಾರುಗಳಿಂದ ಒಂದೇ ಒಡೆಯನ ಮನೆಗೆ ಕಟ್ಟುಬಿದ್ದ ದುಡಿಮೆಗಾರ. ಅವನ ಬಳಿ ಒಂದು ಜೊತೆ ಎತ್ತುಗಳಿವೆ, ಉಳಲು ತುಂಡು ಹೊಲವಿಲ್ಲ. ಅಸ್ಪೃಶ್ಯ ಜಾತಿಯವನು ಗೇಣಿಗೆ ಭೂಮಿ ಹಿಡಿಯುವುದು, ಅಂದರೆ ಬೆಳೆಯ ಪಾಲನ್ನು ಒಡೆಯನಿಗೆ ಅಳೆದು ಸ್ವತಂತ್ರವಾಗಿ ಬೇಸಾಯ ಮಾಡುವುದು, ಊರಿಗೆ ಸಮ್ಮತವಲ್ಲ. ಕಾರಂತರ ನಿಜವಾದ ಸಾಧನೆ ಓದುಗನನ್ನು ಅಳಿಸುವುದರಲ್ಲಿಲ್ಲ. ಚೋಮನ ಆಸೆಯನ್ನು ಓದುಗನೂ ತನ್ನದಾಗಿಸಿಕೊಂಡು, ಆ ಎತ್ತುಗಳು ಎಂದಾದರೂ ನೊಗ ಹೊರಲೆಂದು ಪುಟದಿಂದ ಪುಟಕ್ಕೆ ಹಾರೈಸುವಂತೆ ಮಾಡುವುದರಲ್ಲಿದೆ.

ಆದರೆ ಕೃತಿಯ ಹೆಚ್ಚು ಕಠಿಣವಾದ ಪಾಠ ಇರುವುದು ಚೋಮನಲ್ಲಲ್ಲ, ಅವನ ಒಡೆಯ ಸಂಕಪ್ಪಯ್ಯನಲ್ಲಿ. ಸಂಕಪ್ಪಯ್ಯ ಕ್ರೂರಿಯಲ್ಲ; ಆಳಿನ ಬೇಡಿಕೆ ನ್ಯಾಯವೆಂದು ಅವನ ಮನಸ್ಸಿಗೆ ತೋರುತ್ತದೆ, ಆದರೂ ಮುದಿ ತಾಯಿ ಒಪ್ಪದಿದ್ದಾಗ ಅವನ ಮರುಕ ಅಲ್ಲಿಗೇ ನಿಂತುಬಿಡುತ್ತದೆ. ಚೋಮನ ಮಗ ನೀರಿನಲ್ಲಿ ಮುಳುಗುವಾಗ ದಡದ ಮೇಲೆ ಜನರಿದ್ದರೂ ಮುಟ್ಟಿ ಎತ್ತುವ ಕೈ ಮುಂದೆ ಬರುವುದಿಲ್ಲ. ಹುಡುಗ ಸಾಯಲೆಂದು ಅಲ್ಲಿ ಯಾರೂ ಬಯಸಿರಲಿಲ್ಲ, ಪಕ್ಕದವರು ಏನೆನ್ನುವರೋ ಎಂಬ ಒಂದು ಅಳುಕೇ ಅವನನ್ನು ಕೊಲ್ಲಲು ಸಾಕಾಯಿತು. ಸಹಾನುಭೂತಿ ಇಲ್ಲದವರಿಗಿಂತ, ಅದನ್ನು ಇಟ್ಟುಕೊಂಡೂ ಇನ್ನೊಬ್ಬರ ಅಪ್ಪಣೆಗೆ ಕಾಯುವವರಿಂದಲೇ ಪೂರ್ವಗ್ರಹ ಹೆಚ್ಚು ಕಾಲ ಬಾಳುತ್ತದೆ.

ಈ ಮಾತು ತುಮಕೂರಿಗೆ ನೇರವಾಗಿ ತಟ್ಟುತ್ತದೆ. ಗುಬ್ಬಿ, ಕುಣಿಗಲ್ ಕಡೆಯಿಂದ ಓದಲೋ ದುಡಿಯಲೋ ಬಂದವರು ‘ಮನೆ ಬಾಡಿಗೆಗಿದೆ’ ಎಂಬ ಫಲಕ ಕಂಡು ಬಾಗಿಲು ತಟ್ಟಿದರೆ, ಮುಂಗಡದ ಮಾತಿಗಿಂತ ಮೊದಲು ‘ನಿಮ್ದು ಯಾವ ಜನ?’ ಎಂಬ ಪ್ರಶ್ನೆ ಬರುವುದುಂಟು. ಉತ್ತರ ಹಿಡಿಸದಿದ್ದರೆ ‘ನಮಗೇನೂ ಇಲ್ಲ, ಮನೇಲಿ ದೊಡ್ಡೋರಿದಾರೆ, ಅವರು ಒಪ್ಪಲ್ಲ’ ಎಂಬ ವಿನಯದ ಮಾತಿನೊಂದಿಗೆ ಬಾಗಿಲು ಮುಚ್ಚುತ್ತದೆ. ಹಾಗೆನ್ನುವವರು ಕಾದಂಬರಿ ಓದಿ ಕಣ್ಣೀರಿಟ್ಟವರೇ ಆಗಿರಬಹುದು, ಆದರೂ ಅವರ ಬಾಯಲ್ಲಿರುವುದು ಸಂಕಪ್ಪಯ್ಯನ ಮಾತೇ.

ಅಂಥ ಸಭ್ಯ ನಿರಾಕರಣೆಗೆ ದೀರ್ಘಾಯುಸ್ಸು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಉಳುವವನನ್ನೇ ಒಡೆಯನನ್ನಾಗಿಸಿತು, ನಿಜ. ಆದರೆ ಅದು ಮುಖ್ಯವಾಗಿ ಗೇಣಿದಾರನ ಹಕ್ಕನ್ನು ಮನ್ನಿಸಿದ ಕಾನೂನಾದ್ದರಿಂದ, ಗೇಣಿಯೇ ಸಿಗದ ಚೋಮನಂಥವರ ಮಕ್ಕಳಿಗೆ ಅರ್ಜಿಯಲ್ಲಿ ತೋರಿಸಲು ಹೊಲವೇ ಇರಲಿಲ್ಲ. ಒಬ್ಬ ಸಜ್ಜನನ ಹಿಂಜರಿಕೆ ಮೊಮ್ಮಕ್ಕಳ ಪಾಲನ್ನೂ ಕಿತ್ತುಕೊಂಡಿತು.

ಕಾದಂಬರಿಗೂ ಮಿತಿಯಿದೆ. ಚೋಮನನ್ನಷ್ಟೇ ಓದಿದವರಿಗೆ ದಲಿತನೆಂದರೆ ಸದಾ ನರಳುವವನೆಂಬ ಚಿತ್ರ ಅಂಟಿಕೊಳ್ಳಬಹುದು, ಅದೂ ಒಂದು ಬಗೆಯ ಪೂರ್ವಗ್ರಹವೇ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಆ ಬದುಕಿನ ನುಡಿ, ನಗೆ, ಕನಸುಗಳನ್ನು ಒಳಗಿನಿಂದಲೇ ತೆರೆದು ತೋರಿಸುವುದರಿಂದ ಎರಡನ್ನೂ ಜೊತೆಯಾಗಿ ಓದಬೇಕು.

‘ಚೋಮನ ಪಾತ್ರವನ್ನು ವಿವರಿಸಿ’ ಎಂಬ ಸವೆದ ಪ್ರಶ್ನೆಯನ್ನು ತುಮಕೂರಿನ ಕಾಲೇಜುಗಳ ಕನ್ನಡ ಅಧ್ಯಾಪಕರು ಇನ್ನಾದರೂ ಕೈಬಿಡಲಿ. ಸಂಕಪ್ಪಯ್ಯ ಆ ದಿನ ತಾಯಿಗೆ ಏನು ಹೇಳಬೇಕಿತ್ತೆಂದು ಬರೆಯಿಸಲಿ.